ಚೀನಾದ ಚಿಲ್ಲರೆ ಗಾಳಿ ದೇವರುಗಳು: ಯಾರಿಗಾದರೂ ಗೊತ್ತಾ?

ಮಾಗಡಿ_ರೋಡ್:

ನಮಸ್ಕಾರ. ವಿಷಯ ಸ್ವಲ್ಪ ವಿಚಿತ್ರ, ನಗಬೇಡಿ. ಮಗ ಎಂಟನೇ ಕ್ಲಾಸು. ರಜೆಯಲ್ಲಿ ನಮ್ಮಣ್ಣನ ಮನೆಗೆ ಹೋಗಿದ್ದಾಗ ಅಲ್ಲಿ ಆ ಚೀನಾದ ಕೋತಿ ರಾಜನ ಗೇಮ್ ನೋಡಿಕೊಂಡು ಬಂದಿದ್ದಾನೆ. ಅದರಲ್ಲಿ ಹಳದಿ ಗಾಳಿ ಎಬ್ಬಿಸುವ ರಾಕ್ಷಸ ಒಬ್ಬ ಇದ್ದಾನೆ. ಅವತ್ತಿನಿಂದ ಮನೆಯಲ್ಲಿ ಒಂದೇ ಪ್ರಶ್ನೆ, "ಅಪ್ಪಾ, ಚೀನಾದಲ್ಲಿ ಗಾಳಿಗೆ ದೇವರು ಯಾರು?" ನಾನು ಗತ್ತಿನಲ್ಲಿ "ನಮಗೆ ವಾಯು ಇದ್ದ ಹಾಗೆ ಅವರಿಗೂ ಒಬ್ಬ ಇರುತ್ತಾನೆ ಬಿಡು" ಅಂದುಬಿಟ್ಟೆ. ಅವನು ನೆಟ್‌ನಲ್ಲಿ ಹುಡುಕಿ ಮೂರು ಚಿತ್ರ ತಂದು ಮುಂದೆ ಹಿಡಿದ. ಒಂದರಲ್ಲಿ ಜಿಂಕೆ ಮೈಗೆ ಹಕ್ಕಿ ತಲೆ, ಇನ್ನೊಂದರಲ್ಲಿ ಬಿಳಿ ಗಡ್ಡದ ಮುದುಕ, ಮೂರನೆಯದರಲ್ಲಿ ಚೀಲ ಹಿಡಿದ ಅಜ್ಜಿ. "ಇದರಲ್ಲಿ ಯಾವುದಪ್ಪಾ?" ನನಗೆ ಬಾಯಿ ಕಟ್ಟಿತು.

ಮುಂದಿನ ತಿಂಗಳು ಅವರ ಶಾಲೆಯಲ್ಲಿ ಕಥೆ ಹೇಳುವ ಸ್ಪರ್ಧೆ ಬೇರೆ ಇದೆ. ಐದು ನಿಮಿಷ ಸಮಯ. ದೊಡ್ಡ ದೇವರ ಕಥೆ ಎಲ್ಲರೂ ಹೇಳುತ್ತಾರೆ, ನನಗೆ ಯಾರಿಗೂ ಗೊತ್ತಿಲ್ಲದ ಸಣ್ಣ ದೇವರೇ ಬೇಕು ಅಂತ ಹಟ ಹಿಡಿದಿದ್ದಾನೆ. ಗೊತ್ತಿರುವವರು ಹೇಳಿ, ಈ ಮೂವರಲ್ಲಿ ನಿಜವಾದವರು ಯಾರು, ಮತ್ತೆ ಇವರ ಕೆಳಗೆ ಕೆಲಸ ಮಾಡುವ ಚಿಲ್ಲರೆ ಗಾಳಿಗಳು ಯಾರಾದರೂ ಇದ್ದಾರಾ?

ಬಿಸಿಬೇಳೆ:

ಇದಕ್ಕೆಲ್ಲ ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತೀರಿ ಸರ್. ಆ ಕೋತಿ ರಾಜ ನಮ್ಮ ಹನುಮಂತನೇ. ಹನುಮಂತ ವಾಯುಪುತ್ರ. ಅಲ್ಲಿಗೆ ಗಾಳಿ ದೇವರು ಯಾರು ಅಂತ ಗೊತ್ತಾಯಿತಲ್ಲ! ಎಲ್ಲ ಇಲ್ಲಿಂದ ಬೌದ್ಧರ ಜೊತೆ ಹೋಗಿದ್ದು.

ಹಳೇ_ಪೆಟ್ಟಿಗೆ:

ಬಿಸಿಬೇಳೆಯವರೇ, ಅಷ್ಟು ಸಲೀಸಾಗಿ ಇಲ್ಲ ಅದು. ಹನುಮಂತನ ವಾದವನ್ನು 1923ರಲ್ಲಿ ಹೂ ಷಿ ಎಂಬ ಚೀನೀ ವಿದ್ವಾಂಸರೇ ಎತ್ತಿದರು. ಅದೇ ಕಾಲದ ದೊಡ್ಡ ಲೇಖಕ ಲೂ ಶುನ್ ಒಪ್ಪಲಿಲ್ಲ, ನಮ್ಮಲ್ಲೇ ಹ್ವಾಯ್ ನದಿಯ ಕೋತಿ ರೂಪದ ನೀರಿನ ಪಿಶಾಚಿ ಇದೆಯಲ್ಲ ಅಂದರು. ಜಗಳ ಇನ್ನೂ ಮುಗಿದಿಲ್ಲ. ಅದನ್ನು ಬಿಡಿ, ಗಾಳಿ ವಿಷಯಕ್ಕೆ ಬರೋಣ. ಬೌದ್ಧ ಧರ್ಮ ಚೀನಾಕ್ಕೆ ಕಾಲಿಡುವ ಸಾವಿರ ವರ್ಷಕ್ಕೂ ಮೊದಲೇ ಅಲ್ಲಿ ಗಾಳಿಗೆ ಪೂಜೆ ಇತ್ತು. ಶಾಂಗ್ ರಾಜರ ಕಾಲದಲ್ಲಿ ಎಲುಬು, ಆಮೆ ಚಿಪ್ಪಿನ ಮೇಲೆ ಶಕುನದ ಪ್ರಶ್ನೆ ಕೆತ್ತುತ್ತಿದ್ದರು. ಅಲ್ಲಿ ನಾಲ್ಕು ದಿಕ್ಕಿನ ನಾಲ್ಕು ಗಾಳಿಗೂ ಬೇರೆ ಬೇರೆ ಹೆಸರು ಸಿಗುತ್ತದೆ. ಗಾಳಿ ಎಂಬ ಪದವನ್ನು ಬರೆಯುತ್ತಿದ್ದದ್ದು ಒಂದು ಜುಟ್ಟಿನ ಹಕ್ಕಿಯ ಚಿತ್ರದಿಂದ. ಗಾಳಿ ಅಲ್ಲಿ ಯಜಮಾನ ಅಲ್ಲ, ಮೇಲಿನ ದೊಡ್ಡ ದೇವರ ಜವಾನ. ಒಂದು ಚಿಪ್ಪಿನಲ್ಲಂತೂ ದೇವರ ದೂತನಾದ ಗಾಳಿಗೆ ಎರಡು ನಾಯಿ ಬಲಿ ಅಂತ ಲೆಕ್ಕ ಬರೆದಿಟ್ಟಿದ್ದಾರೆ.

ಈ ನಾಯಿ ಬಲಿ ಬಹಳ ಕಾಲ ಉಳಿಯಿತು. ಸುಮಾರು 1,700 ವರ್ಷದ ಹಿಂದೆ ಗ್ವೋ ಪೂ ಎಂಬ ವಿದ್ವಾಂಸ, ಈಗಲೂ ಜನ ದೊಡ್ಡ ದಾರಿಯ ನಡುವೆ ನಾಯಿ ಸೀಳಿ ಗಾಳಿ ನಿಲ್ಲುತ್ತದೆ ಅನ್ನುತ್ತಾರೆ ಅಂತ ಬರೆದ. ಮಗನಿಗೆ ಇದನ್ನು ಹೇಳಬೇಡಿ.

ಈಗ ಮೂರು ಚಿತ್ರದ ಉತ್ತರ. ಮೂವರೂ ನಿಜ. ಜಿಂಕೆ ಮೈ, ಹಕ್ಕಿ ತಲೆ, ಕೊಂಬು, ಹಾವಿನ ಬಾಲ, ಚಿರತೆಯ ಚುಕ್ಕೆ ಇರುವವನು ಫೇ ಲ್ಯೆನ್. ಅವನು ದಕ್ಷಿಣದ ಚೂ ರಾಜ್ಯದ ಹಳೇ ಕಾವ್ಯದಲ್ಲಿ ಬರುತ್ತಾನೆ. ಕವಿ ಛೂ ಯ್ವಾನ್ ಆಕಾಶಯಾನ ಹೊರಟಾಗ ಮುಂದೆ ಚಂದ್ರನ ಸಾರಥಿ, ಹಿಂದೆ ಓಡಿ ಬರುವವನು ಫೇ ಲ್ಯೆನ್. ಅಲ್ಲೂ ಹಿಂಬಾಲಕನೇ ನೋಡಿ! ಕ್ರಿಸ್ತಪೂರ್ವ 109ರಲ್ಲಿ ಹಾನ್ ವಂಶದ ವೂ ಚಕ್ರವರ್ತಿ ರಾಜಧಾನಿಯಲ್ಲಿ ಅವನ ಹೆಸರಿನ ಎತ್ತರದ ಕಟ್ಟಡವನ್ನೇ ಕಟ್ಟಿಸಿದ. ಇದೇ ಹೆಸರಿನ ಮನುಷ್ಯನೂ ಒಬ್ಬ ಇದ್ದಾನೆ, ಶಾಂಗ್ ವಂಶದ ಕೊನೆಯ ರಾಜನ ಬಂಟ, ಓಟಕ್ಕೆ ಹೆಸರಾದವನು. ನೆಟ್‌ನಲ್ಲಿ ಇಬ್ಬರನ್ನೂ ಕಲಸಿಬಿಟ್ಟಿರುತ್ತಾರೆ, ಹುಷಾರು.

ಗಡ್ಡದ ಮುದುಕ ಫೆಂಗ್ ಬೋ. ಫೆಂಗ್ ಅಂದರೆ ಗಾಳಿ, ಬೋ ಅಂದರೆ ಹಿರಿಯ, ಹಳೇ ಕಾಲದ ಒಂದು ಬಿರುದೂ ಹೌದು. ಇವನ ಕೆಲಸ ಕೇಳಿ. ಚೀನಾದ ಪುರಾಣದ ಹಳದಿ ಚಕ್ರವರ್ತಿ ತೈ ಪರ್ವತದಲ್ಲಿ ಭೂತ ದೈವಗಳ ಸಭೆ ಕರೆದಾಗ ಫೆಂಗ್ ಬೋ ಮುಂದೆ ದಾರಿ ಗುಡಿಸಿದ, ಮಳೆ ದೇವರು ನೀರು ಚಿಮುಕಿಸಿದ. ನಮ್ಮ ಮನೆ ಅಂಗಳದ ಬೆಳಗಿನ ಕೆಲಸ, ಅಷ್ಟೇ! ಇವನನ್ನು ಆಕಾಶದಲ್ಲೂ ಗುರುತಿಸುತ್ತಾರೆ, ನಾಲ್ಕು ನಕ್ಷತ್ರದ "ಜಿ" ಎಂಬ ಗುಂಪಿನಲ್ಲಿ. ಜಿ ಅಂದರೆ ಮೊರ. ಚಂದ್ರ ಆ ಮೊರಕ್ಕೆ ಬಂದರೆ ಗಾಳಿ ಏಳುತ್ತದೆ ಅಂತ ನಂಬಿಕೆ. ನಮ್ಮ ಪೂರ್ವಾಷಾಢ ಇರುವ ಜಾಗವೇ ಅದು. ಅದಕ್ಕೂ ಆನೆ ದಂತ, ಮೊರ ಎರಡನ್ನೂ ಗುರುತಾಗಿ ಹೇಳುವುದುಂಟು.

ಅಜ್ಜಿಯ ಹೆಸರು ಫೆಂಗ್ ಪೊಪೊ, ಗಾಳಿ ಅಜ್ಜಿ ಅಂತಲೇ ಅರ್ಥ. ಹುಲಿ ಮೇಲೆ ಕೂತು ಚೀಲದ ಬಾಯಿ ಬಿಚ್ಚುತ್ತಾಳೆ. ಇವಳು ಜನರ ಬಾಯಿಯ ದೇವತೆ, ಫೆಂಗ್ ಬೋ ಸರ್ಕಾರಿ ದೇವರು. ಬೀಜಿಂಗ್‌ನಲ್ಲಿ ಅರಮನೆಯ ಪೂರ್ವಕ್ಕೆ ಗಾಳಿ ದೇವರಿಗೆ 1728ರಲ್ಲಿ ಕಟ್ಟಿಸಿದ ಗುಡಿಯೇ ಇದೆ.

ಚಿಲ್ಲರೆ ಗಾಳಿಗಳ ಕಥೆ ಊಟ ಮಾಡಿ ಬಂದು ಬರೆಯುತ್ತೇನೆ. ಅಸಲು ಮಜಾ ಇರುವುದೇ ಅಲ್ಲಿ.

ಮಾಗಡಿ_ರೋಡ್:

ಸರ್, ಮಗ ಪಕ್ಕದಲ್ಲೇ ಕೂತು ಓದುತ್ತಿದ್ದಾನೆ, ನಾಯಿ ವಿಷಯ ಓದಿಯೇಬಿಟ್ಟ 😅 ಬೇಗ ಊಟ ಮುಗಿಸಿ ಅಂತಿದ್ದಾನೆ.

ಹಳೇ_ಪೆಟ್ಟಿಗೆ:

ಬಂದೆ. ಚಿಲ್ಲರೆ ಗಾಳಿ ಅಂದರೆ ನನ್ನ ಮೆಚ್ಚಿನವನು ಶುನ್ ಅರ್. ಶುನ್ ಅಂದರೆ ಅವರ ಎಂಟು ಗೆರೆ-ಗುರುತುಗಳಲ್ಲಿ ಗಾಳಿಯ ಗುರುತು. ಅರ್ ಅಂದರೆ ಎರಡು. "ಎರಡನೇ ಗಾಳಿಯಪ್ಪ" ಅಂದುಕೊಳ್ಳಿ. ಟಾಂಗ್ ರಾಜವಂಶದ ಕಾಲದ ಒಂದು ಕಥೆಯಲ್ಲಿ ಬರುತ್ತಾನೆ.

ವರ್ಷ 710. ಶ್ಯಾವ್ ಎಂಬ ಅಧಿಕಾರಿ ಒಂದು ಜಿಲ್ಲೆಗೆ ದೊಡ್ಡವನಾಗಿ ಬಂದಿದ್ದಾನೆ. ವರ್ಷದ ಕೊನೆಯ ಹಬ್ಬಕ್ಕೆ ದೊಡ್ಡ ಬೇಟೆ ಅಂತ ಗೊತ್ತುಮಾಡಿದ. ಹಿಂದಿನ ದಿನ ಸೌದೆಗೆ ಹೋದವನೊಬ್ಬ ಕಾಡಿನಲ್ಲಿ ಕಾಯಿಲೆ ಬಿದ್ದು ಮನೆಗೆ ಬರಲಾಗದೆ ಒಂದು ಗುಹೆಯಲ್ಲಿ ಮಲಗಿದ್ದ. ರಾತ್ರಿ ಸದ್ದಾಗಿ ಎದ್ದು ನೋಡಿದರೆ ಮೂಗಿನ ಮೇಲೆ ಮೂರು ಕೊಂಬಿನ, ಚಿರತೆ ಚರ್ಮ ಹೊದ್ದ ಒಬ್ಬ ದೈತ್ಯ ನಿಂತಿದ್ದಾನೆ. ಸುತ್ತ ಹುಲಿ, ಕಡವೆ, ನರಿ, ಮೊಲ, ಹಕ್ಕಿ ಎಲ್ಲ ಸೇರಿವೆ. ದೈತ್ಯ ಓಲೆ ತೆಗೆದು ಓದಿದ. ನಾಳೆ ನಿಮ್ಮಲ್ಲಿ ಇಷ್ಟು ಜನ ಬಾಣಕ್ಕೆ, ಇಷ್ಟು ಜನ ಈಟಿಗೆ, ಇಷ್ಟು ಜನ ಬಲೆಗೆ, ಇಷ್ಟು ನಾಯಿಗೆ, ಇಷ್ಟು ಗಿಡುಗಕ್ಕೆ. ಥೇಟು ಸರ್ಕಾರಿ ಪಟ್ಟಿ. ಹುಲಿಯೂ ಮುದಿ ಕಡವೆಯೂ ಕಾಲಿಗೆ ಬಿದ್ದವು. ಅವನಿಗೂ ಮನಸ್ಸು ಕರಗಿತು. ನನ್ನ ಕೈಲಿ ಆಗದು, ಪೂರ್ವದ ಕಣಿವೆಯಲ್ಲಿ ಒಬ್ಬ ಸಿದ್ಧ ಇದ್ದಾನೆ, ಉಪಾಯದಲ್ಲಿ ಗಟ್ಟಿಗ, ಅವನನ್ನು ಕೇಳಿ ಅಂದ.

ಎಲ್ಲ ಅಲ್ಲಿಗೆ ಓಡಿದವು. ಸಿದ್ಧನ ಲೆಕ್ಕ ಸರಳ. ಶ್ಯಾವ್ ಸಾಹೇಬರು ಕೆಲಸದವರ ಹಸಿವು ಚಳಿ ನೋಡಿಯೇ ಕೆಲಸ ಹೇಳುವವರು. ನಾಳೆ ಗಾಳಿ ಎದ್ದು ಹಿಮ ಬಿದ್ದರೆ ಬೇಟೆಗೆ ಹೊರಡುವುದಿಲ್ಲ. ಹಿಮ ಕೊಡುವವನು ತೆಂಗ್ ಲ್ಯೂ, ಗಾಳಿ ಕೊಡುವವನು ಶುನ್ ಅರ್. ತೆಂಗ್ ಲ್ಯೂಗೆ ಹೆಂಡತಿ ಹೋಗಿದ್ದಾಳೆ, ಅವನಿಗೊಂದು ಹೆಣ್ಣು ಬೇಕು. ಶುನ್ ಅರ್‌ಗೆ ಕುಡಿತ ಅಂದರೆ ಪ್ರಾಣ, ಒಳ್ಳೇ ಮದ್ಯ ಸಿಕ್ಕರೆ ಈಗಲೇ ಬರುತ್ತಾನೆ. ತಕ್ಷಣ ಎರಡು ನರಿ ಮುಂದೆ ಬಂದು ನಾವು ತರುತ್ತೇವೆ ಅಂದವು. ಯಾರ ಮನೆಯಲ್ಲಿ ಬಾಣಂತನ ಆಗಿದೆ, ಆದ್ದರಿಂದ ಯಾರ ಮನೆಯಲ್ಲಿ ಒಳ್ಳೇ ಮದ್ಯ ಇಳಿಸಿಟ್ಟಿರುತ್ತಾರೆ ಅಂತ ನರಿಗೆ ಊರ ಸುದ್ದಿಯೆಲ್ಲ ಗೊತ್ತು! ರಾತ್ರಿಯೇ ಎರಡು ಬಾಟಲಿ ಬಂತು. ಬೆಳಕು ಹರಿಯುವ ಮೊದಲೇ ಗಾಳಿ ಹಿಮ ಶುರುವಾಗಿ ಇಡೀ ದಿನ ಹೊಡೆಯಿತು. ಬೇಟೆ ರದ್ದು.

ನೋಡಿ, ಇಲ್ಲಿ ಗಾಳಿಗೆ ಮಂತ್ರ ತಂತ್ರ ಯಾವುದೂ ಬೇಡ. ಕಚೇರಿಯಲ್ಲಿ ಫೈಲು ಕದಲಿಸಬೇಕಾದರೆ ಯಾರನ್ನು ಹಿಡಿಯಬೇಕು, ಅವನಿಗೆ ಏನು ಇಷ್ಟ ಅಂತ ಗೊತ್ತಿದ್ದರೆ ಸಾಕು. ಚೀನಾದ ಸಣ್ಣ ಗಾಳಿಗಳೆಲ್ಲ ಹೀಗೇ. ನಮ್ಮ ವಾಯುವಿನ ಹಾಗೆ ಜಗತ್ತಿನ ಉಸಿರು ಅಲ್ಲ. ಹೆಸರು, ಚಟ, ಮನೆ ಸಮಸ್ಯೆ ಎಲ್ಲ ಇರುವ ನೌಕರರು.

ಶಾಲ್ಮಲಾ_ತೀರ:

ಕಥೆ ಚೆನ್ನಾಗಿದೆ ಹಳೇಪೆಟ್ಟಿಗೆಯವರೇ, ಆದರೆ ಆ ಹಿಮದವನಿಗೆ ಬೇಕಾಗಿದ್ದ ಹೆಣ್ಣನ್ನು ಎಲ್ಲಿಂದ ತಂದರು ಅಂತ ಮೆತ್ತಗೆ ಹಾರಿಸಿಬಿಟ್ಟಿರಿ. ನಾನೂ ಓದಿದ್ದೇನೆ. ಒಬ್ಬ ಸಣ್ಣ ಅಧಿಕಾರಿಯ ತಂಗಿಯನ್ನು ನರಿ ಕದ್ದುಕೊಂಡು ಬರುತ್ತದೆ. ಕಾಡಿನ ಪ್ರಾಣಿಗಳೆಲ್ಲ ಬದುಕಿದವು ಸರಿ, ಆ ಹುಡುಗಿ ಮನೆಗೆ ಹೋದಳಾ? ಕಥೆ ಕಟ್ಟಿದವರು ಅದನ್ನು ಕೇಳುವುದೇ ಇಲ್ಲ.

ಸ್ಪರ್ಧೆಗೆ ಬೇಕಿದ್ದರೆ ಹದಿನೆಂಟನೇ ಚಿಕ್ಕಮ್ಮನ ಕಥೆ ತೆಗೆದುಕೊಳ್ಳಿ. ಹೆಸರು ಫೆಂಗ್ ಷಿಬಾ ಯಿ. ಇಲ್ಲಿ ಫೆಂಗ್ ಅನ್ನುವುದು ಬೇರೆ ಅಕ್ಷರ, ಮನೆತನದ ಹೆಸರು. ಕೇಳಿದರೆ ಮಾತ್ರ ಗಾಳಿ ಅಂತಲೇ ಕೇಳಿಸುತ್ತದೆ. ಇದೂ ಟಾಂಗ್ ಕಾಲದ್ದೇ, 742ರಿಂದ 756ರ ನಡುವಿನ ತ್ಯೆನ್‌ಬಾವ್ ವರ್ಷಗಳಲ್ಲಿ ನಡೆದದ್ದು ಅಂತ ಹೇಳುತ್ತಾರೆ. ಲುವೋಯಾಂಗ್ ಊರಲ್ಲಿ ತ್ಸುಯ್ ಎಂಬ ಒಬ್ಬಂಟಿ. ಬೇರು ನಾರು ತಿಂದುಕೊಂಡು ತೋಟದ ಮನೆಯಲ್ಲಿ ಇರುವವನು. ವಸಂತದ ಬೆಳದಿಂಗಳ ರಾತ್ರಿ ಹತ್ತಕ್ಕೂ ಹೆಚ್ಚು ಹೆಂಗಸರು ಬಾಗಿಲಿಗೆ ಬಂದು, ಚಿಕ್ಕಮ್ಮನನ್ನು ನೋಡಲು ಹೊರಟಿದ್ದೇವೆ, ಸ್ವಲ್ಪ ಹೊತ್ತು ಕೂತು ಹೋಗುತ್ತೇವೆ ಅನ್ನುತ್ತಾರೆ. ಅಷ್ಟರಲ್ಲಿ ಚಿಕ್ಕಮ್ಮನೇ ಬಂದಳು. ಅವಳು ಬಂದ ಕೂಡಲೇ ಕೋಣೆ ತಣ್ಣಗಾಗುವ ಥರದ ಮಾತು, ನಡಿಗೆ. ಹಾಡು, ಮದ್ಯ ಶುರುವಾಯಿತು. ಚಿಕ್ಕಮ್ಮನದು ಸ್ವಲ್ಪ ಚೆಲ್ಲು ಸ್ವಭಾವ. ಬಟ್ಟಲು ಎತ್ತುವಾಗ ಕೈ ಆಡಿಸಿ ಆ ಗುಂಪಿನ ಚಿಕ್ಕ ಹುಡುಗಿ ಆ-ತ್ಸುವೋಳ ಕೆಂಪು ಬಟ್ಟೆ ಮೇಲೆ ಚೆಲ್ಲಿದಳು. ಹುಡುಗಿ ಸಿಟ್ಟಿನಿಂದ ಎದ್ದು ನಿಂತಳು. "ಇವರೆಲ್ಲ ನಿಮ್ಮ ಕಾಲು ಹಿಡಿಯಲಿ, ನನಗೆ ಭಯ ಇಲ್ಲ." ಚಿಕ್ಕಮ್ಮ ಮುಖ ಊದಿಸಿಕೊಂಡು ದಕ್ಷಿಣಕ್ಕೆ ಹೊರಟಳು. ಉಳಿದವರು ತೋಟದೊಳಗೆ ಹೋಗಿ ಕಾಣೆಯಾದರು.

ಮಾರನೇ ರಾತ್ರಿ ಆ-ತ್ಸುವೋ ಮತ್ತೆ ಬಂದಳು. ನಾವೆಲ್ಲ ನಿಮ್ಮ ತೋಟದಲ್ಲೇ ಇರುವವರು. ವರ್ಷಾ ವರ್ಷಾ ಗಾಳಿ ಹೊಡೆತ ತಡೆಯಲಾಗದೆ ಚಿಕ್ಕಮ್ಮನ ಮುಂದೆ ಕೈ ಮುಗಿಯುತ್ತಿದ್ದೆವು, ಈ ಸಲ ನಾನು ಕೆಡಿಸಿಬಿಟ್ಟೆ. ಒಂದು ಕೆಂಪು ಬಾವುಟ ಮಾಡಿಸಿ, ಅದರ ಮೇಲೆ ಸೂರ್ಯ ಚಂದ್ರ ಐದು ಗ್ರಹ ಬರೆಸಿ, ಈ ತಿಂಗಳು 21ಕ್ಕೆ ಬೆಳಗಿನ ಜಾವ ಮೂಡಣ ಗಾಳಿ ಸುಳಿದ ಕೂಡಲೇ ತೋಟದ ಪೂರ್ವಕ್ಕೆ ನೆಡಿ ಅಂದಳು. ತ್ಸುಯ್ ಹಾಗೇ ಮಾಡಿದ. ಅವತ್ತು ಊರ ಮರಗಳೆಲ್ಲ ಮುರಿದವು, ಮರಳು ಹಾರಿತು, ಅವನ ತೋಟದಲ್ಲಿ ಮಾತ್ರ ಒಂದು ಎಸಳೂ ಅಲುಗಲಿಲ್ಲ. ಆಗ ಅವನಿಗೆ ಹೊಳೆಯಿತು, ಬಂದವರು ಹೂಗಳು. ಸಿಟ್ಟಿನ ಹುಡುಗಿ ದಾಳಿಂಬೆ!

ನನಗೆ ಈ ದಾಳಿಂಬೆ ತುಂಬ ಇಷ್ಟ. ಬೇರೆ ಹೂವೆಲ್ಲ ಮೆತ್ತಗೆ. ದಾಳಿಂಬೆ ಹೂವನ್ನು ಮುಟ್ಟಿ ನೋಡಿದ್ದೀರಾ? ತೊಟ್ಟು ಮೇಣದ ಹಾಗೆ ಗಟ್ಟಿ. ನಮ್ಮ ತಾರಸಿಯ ಕುಂಡದಲ್ಲಿ ಒಂದಿದೆ, ಹೋದ ವರ್ಷದ ಗಾಳಿಗೆ ಗುಲಾಬಿಯೆಲ್ಲ ಉದುರಿದರೂ ಅದು ಕದಲಲಿಲ್ಲ. ಕಥೆ ಕಟ್ಟಿದವರು ಗಿಡ ನೋಡಿಯೇ ಕಟ್ಟಿದ್ದಾರೆ.

ಚೀನಾದಲ್ಲಿ ಎರಡನೇ ತಿಂಗಳು ಹೂಗಳ ಹುಟ್ಟುಹಬ್ಬ ಅಂತ ಮಾಡುತ್ತಾರೆ. ಆಗ ಕೊಂಬೆಗೆ ಕೆಂಪು ಪಟ್ಟಿ ಕಟ್ಟುವ ಪದ್ಧತಿಗೆ ಈ ಬಾವುಟದ ಕಥೆಯನ್ನೇ ಕಾರಣ ಹೇಳುತ್ತಾರೆ.

ಬಿಸಿಬೇಳೆ:

ಹದಿನೆಂಟನೇ ಚಿಕ್ಕಮ್ಮ ಅಂದರೆ ಇನ್ನೂ ಹದಿನೇಳು ಜನ ಇದ್ದಾರಾ ಮೇಡಂ? ಮದುವೆ ಮನೆಯಲ್ಲಿ ಒಬ್ಬರು ಚಿಕ್ಕಮ್ಮ ಮುನಿಸಿಕೊಂಡರೇ ನಮಗೆ ಸಾಕಾಗುತ್ತದೆ.

ಶಾಲ್ಮಲಾ_ತೀರ:

ಹ್ಹಹ್ಹ, ಟಾಂಗ್ ಕಾಲದಲ್ಲಿ ಇಡೀ ಮನೆತನದ ದಾಯಾದಿಗಳನ್ನೆಲ್ಲ ಸಾಲಾಗಿ ಎಣಿಸಿ ಒಬ್ಬೊಬ್ಬರಿಗೆ ಒಂದೊಂದು ನಂಬರ್ ಕೊಡುತ್ತಿದ್ದರು. ಹಾಗಾಗಿ 18 ಅಂದರೆ ಅವರಿಗೆ ಏನೂ ವಿಚಿತ್ರ ಅಲ್ಲ. ಶುನ್ "ಎರಡು", ತೆಂಗ್ "ಆರು" (ಲ್ಯೂ ಅಂದರೆ ಆರು) ಕೂಡ ಇದೇ ಲೆಕ್ಕ. ಹಿಮದ ಹರಳಿಗೆ ಆರು ಮೂಲೆ ಅಲ್ವಾ, ಅದಕ್ಕೂ ಹೊಂದುತ್ತದೆ.

ಚಿಪ್_ಕೆಲಸ:

ನಾನು ತೈವಾನ್‌ನ ಶಿನ್‌ಚೂದಲ್ಲಿ ನಾಲ್ಕು ವರ್ಷ ಇದ್ದೆ. ಚಿಪ್ ಫ್ಯಾಕ್ಟರಿಗಳಿರುವ ಊರು, ನಮ್ಮ ಕಡೆಯವರು ಸುಮಾರು ಜನ ಇದ್ದಾರೆ. ಆ ಊರಿಗೆ ಅಡ್ಡಹೆಸರೇ "ಗಾಳಿ ಊರು". ಮಳೆಗಾಲ ಮುಗಿದ ಮೇಲೆ ಈಶಾನ್ಯದಿಂದ ಒಣ ಗಾಳಿ ಶುರುವಾಗುತ್ತದೆ. ಸ್ಕೂಟರಿನಲ್ಲಿ ಸೇತುವೆ ದಾಟುವಾಗ ಕೈ ಬಿಗಿ ಹಿಡಿಯಬೇಕು, ಇಲ್ಲದಿದ್ದರೆ ಪಕ್ಕದ ಲೇನ್‌ಗೆ ಹೋಗಿರುತ್ತೀರಿ. ಅದೇ ಗಾಳಿಗೆ ಬಿದಿರಿನ ತಟ್ಟೆಗಳಲ್ಲಿ ಅಕ್ಕಿ ಶಾವಿಗೆ ಒಣಹಾಕುತ್ತಾರೆ. ಊರಿನ ಹೆಸರುವಾಸಿ ಸರಕು ಅದೇ. ನಮ್ಮ ಒತ್ತು ಶಾವಿಗೆಗಿಂತ ತೆಳ್ಳಗೆ.

ನಾನು ಹೇಳಹೊರಟಿದ್ದು ಕಿನ್ಮೆನ್ ಬಗ್ಗೆ. ಅದು ತೈವಾನ್ ಆಡಳಿತದ ಪುಟ್ಟ ದ್ವೀಪ, ಆದರೆ ಚೀನಾ ದಡಕ್ಕೆ ಅಂಟಿದ ಹಾಗೆ ಇದೆ, ಆಚೆ ದಡದ ಕಟ್ಟಡಗಳು ಕಾಣುತ್ತವೆ. ಅಲ್ಲಿ ಊರ ಅಂಚಿನಲ್ಲೆಲ್ಲ ಗಾಳಿ ಸಿಂಹಗಳು ನಿಂತಿರುತ್ತವೆ. ಅವರ ಭಾಷೆಯಲ್ಲಿ ಸಿಂಹದ ಹೆಸರಿನ ಕೊನೆಗೆ "ಯೆ" ಸೇರಿಸುತ್ತಾರೆ. ಅಪ್ಪಾಜಿ, ಅಯ್ಯ ಅನ್ನುವ ಥರ. 17ನೇ ಶತಮಾನದಲ್ಲಿ ಹಳೇ ಮಿಂಗ್ ರಾಜವಂಶದ ಕಡೆಯವರಿಗೂ ಉತ್ತರದಿಂದ ಬಂದ ಮಂಚೂಗಳಿಗೂ ನಡೆದ ಯುದ್ಧದಲ್ಲಿ ಹಡಗು ಕಟ್ಟಲು ಅಲ್ಲಿನ ಮರ ಕಡಿದರು. ದ್ವೀಪ ಬೋಳಾಯಿತು. ಆಮೇಲೆ ಚಳಿಗಾಲದ ಗಾಳಿ ಹೊಲದ ಮಣ್ಣು, ಮನೆ ಹೆಂಚು ಎಲ್ಲ ಎತ್ತಿಕೊಂಡು ಹೋಗಲು ಶುರುಮಾಡಿತು. ಆಗ ಜನ ಗಾಳಿ ಬರುವ ದಿಕ್ಕಿಗೆ ಮುಖ ಮಾಡಿಸಿ ಕಲ್ಲಿನ ಸಿಂಹ ನಿಲ್ಲಿಸಿದರು. ಸುಮಾರು ಎಲ್ಲವೂ ಈಶಾನ್ಯ, ಉತ್ತರ ನೋಡುತ್ತವೆ. ಈಗಲೂ ಅರವತ್ತಕ್ಕೂ ಹೆಚ್ಚು ಇವೆ.

ನಾನು ನೋಡಿದ ಒಂದು ನನ್ನ ಎದೆ ಎತ್ತರಕ್ಕೆ ಇತ್ತು. ನಾಲ್ಕು ಕಾಲಲ್ಲಲ್ಲ, ಎರಡು ಕಾಲಲ್ಲಿ ಮನುಷ್ಯರ ಹಾಗೆ ನೆಟ್ಟಗೆ ನಿಂತಿತ್ತು. ಕೆಂಪು ಬಟ್ಟೆಯ ಮೇಲುಹೊದಿಕೆ ಕುತ್ತಿಗೆಗೆ ಕಟ್ಟಿದ್ದರು, ಗಾಳಿಗೆ ಅದು ಹಿಂದಕ್ಕೆ ಪಟಪಟ ಅನ್ನುತ್ತಿತ್ತು. ಬಾಯಿ ದೊಡ್ಡದಾಗಿ ತೆರೆದಿತ್ತು. ಒಬ್ಬ ಅಜ್ಜಿ ಬಂದು ಊದುಬತ್ತಿ ಹಚ್ಚಲು ಮೂರು ಸಲ ಪ್ರಯತ್ನ ಪಟ್ಟು, ಗಾಳಿಗೆ ಆರಿಹೋಗಿ, ಕೊನೆಗೆ ಸಿಂಹದ ಹೊದಿಕೆಯೊಳಗೇ ಕೈ ಹಾಕಿ ಮರೆಯಲ್ಲಿ ಹಚ್ಚಿದಳು. ಗಾಳಿ ತಡೆಯುವ ದೇವರು ಕೆಲಸ ಮಾಡಿದ್ದನ್ನು ಕಣ್ಣಾರೆ ನೋಡಿದೆ 😄

ತೈವಾನ್ ದ್ವೀಪದಲ್ಲಿ ತೈನಾನ್ ಅಂತ ಹಳೇ ಊರಿದೆ. ಅಲ್ಲಿ 1739ರ ಗಾಳಿ ದೇವರ ಗುಡಿ. ಆ ಕಾಲದಲ್ಲಿ ಚೀನಾದಿಂದ ಬರುವ ಅಧಿಕಾರಿಗಳು ಹಡಗಿನಿಂದ ಇಳಿಯುತ್ತಿದ್ದ ಜಾಗ. ಪಕ್ಕದಲ್ಲೇ ಅವರನ್ನು ಎದುರುಗೊಳ್ಳುವ ಕಲ್ಲಿನ ಕಮಾನು ಇದೆ. ಆ ಸಮುದ್ರ ದಾಟಿ ಬಂದವನು ಮೊದಲು ಯಾರಿಗೆ ಕೈ ಮುಗಿಯುತ್ತಾನೆ ಹೇಳಿ.

ಮಾಗಡಿ_ರೋಡ್:

ಆಹಾ, ಎಂಥ ಮಾಹಿತಿ! ಮಗ ಸಿಂಹದ ಚಿತ್ರ ಬಿಡಿಸಲು ಕೂತಿದ್ದಾನೆ. ಅವನದು ಇನ್ನೊಂದು ಪ್ರಶ್ನೆ. ಇವರೆಲ್ಲ ಮನುಷ್ಯರ ಥರ ಇದ್ದಾರೆ, ರಾಕ್ಷಸ ಥರದ್ದು ಯಾವುದೂ ಇಲ್ವಾ? ಗೇಮ್‌ನ ಹಳದಿ ಗಾಳಿಯವನು ಯಾರು?

ಹಳೇ_ಪೆಟ್ಟಿಗೆ:

ಹಳದಿ ಗಾಳಿಯವನು ದೇವರೂ ಅಲ್ಲ, ಗಾಳಿಯೂ ಅಲ್ಲ. ಬುದ್ಧನ ಬೆಟ್ಟದಲ್ಲಿ ದೀಪದ ಎಣ್ಣೆ ಕದ್ದು ಓಡಿಹೋದ ಒಂದು ಹಳದಿ ಕೂದಲಿನ ಇಲಿ, ಕೆಲವರು ಮುಂಗುಸಿ ಥರದ ಪ್ರಾಣಿ ಅನ್ನುತ್ತಾರೆ. ಕೋತಿ ರಾಜನ ಕಣ್ಣಿಗೇ ಉರಿ ಬರುವಂಥ ಗಾಳಿ ಬಿಡುತ್ತಾನೆ. ಕೊನೆಗೆ ಲಿಂಗ್‌ಜಿ ಎಂಬ ಬೋಧಿಸತ್ವ ಬಂದು ಹಿಡಿಯಬೇಕಾಯಿತು.

ಪ್ರಾಣಿಗಳೇ ಬೇಕು ಅಂದರೆ "ಪರ್ವತ ಸಮುದ್ರಗಳ ಪುಸ್ತಕ" ಅಂತ ಎರಡು ಸಾವಿರ ವರ್ಷಕ್ಕೂ ಹಳೆಯದೊಂದಿದೆ, ಅದರ ತುಂಬ ಇವೇ. ಶಾನ್ ಹ್ವೇ ಎಂಬುದು ನಾಯಿ ಮೈಗೆ ಮನುಷ್ಯನ ಮುಖ. ಕಲ್ಲು ಎಸೆಯುವುದರಲ್ಲಿ ಗಟ್ಟಿಗ. ಮನುಷ್ಯರನ್ನು ಕಂಡರೆ ನಗುತ್ತದೆ. ಗಾಳಿಯ ಹಾಗೆ ಓಡುತ್ತದೆ, ಕಾಣಿಸಿಕೊಂಡರೆ ಎಲ್ಲೆಡೆ ಬಿರುಗಾಳಿ. ಇನ್ನೊಂದು ವೆನ್ ಲಿನ್, ಹಂದಿ ಥರದ್ದು, ಹಳದಿ ಮೈ, ತಲೆ ಬಾಲ ಬಿಳಿ. ಅದು ಕಂಡರೂ ಅಷ್ಟೇ. ಅದೇ ಪುಸ್ತಕದಲ್ಲಿ ದಕ್ಷಿಣದ ಒಂದು ಬೆಟ್ಟದ ಬಾಲದಲ್ಲಿ ಕಣಿವೆ ಇದೆ, ವಿಚಿತ್ರ ಹಕ್ಕಿಗಳು ಜಾಸ್ತಿ, ತೆಂಕಣ ಗಾಳಿ ಹೊರಡುವುದೇ ಅಲ್ಲಿಂದ ಅಂತ ವಿಳಾಸವನ್ನೂ ಕೊಟ್ಟಿದ್ದಾರೆ.

ಮತ್ತೆ ಗಾಳಿಯಿಂದ ಹುಟ್ಟಿದ ಪ್ರಾಣಿ, ಫೆಂಗ್ ಶೆಂಗ್ ಶೋ. ಚಿರತೆ ಥರ, ನೀಲಿ ಬಣ್ಣ, ಕಾಡುಬೆಕ್ಕಿನಷ್ಟು ದೊಡ್ಡದು. ಗಾಡಿಗಟ್ಟಲೆ ಸೌದೆ ಹಾಕಿ ಸುಟ್ಟರೆ ಸೌದೆ ಮುಗಿಯುತ್ತದೆ, ಅದರ ಒಂದು ಕೂದಲೂ ಕರಕಾಗುವುದಿಲ್ಲ. ಕಬ್ಬಿಣದ ಸುತ್ತಿಗೆಯಿಂದ ತಲೆಗೆ ಹತ್ತಾರು ಏಟು ಹಾಕಿದರೆ ಸಾಯುತ್ತದೆ. ಬಾಯಿ ತೆರೆದು ಗಾಳಿಗೆ ಹಿಡಿದರೆ ಮತ್ತೆ ಎದ್ದು ಓಡುತ್ತದೆ! ಸಾಯಿಸಬೇಕಾದರೆ ಮೂಗಿಗೆ ಒಂದು ಗಿಡ ತುರುಕಬೇಕು. ಆ ಗಿಡ ಯಾವುದು ಗೊತ್ತಾ, ನಮ್ಮ ಬಜೆಯ ಹತ್ತಿರದ ನೆಂಟ. ಮಕ್ಕಳಿಗೆ ತೇಯ್ದು ನೆಕ್ಕಿಸುವ ಬಜೆ.

ಬಿಸಿಬೇಳೆಯವರಿಗೂ ಸ್ವಲ್ಪ ನ್ಯಾಯ ಒದಗಿಸಬೇಕು, ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ಗಾಳಿ ಅಜ್ಜಿಯ ಕೈಯಲ್ಲಿರುವ ಚೀಲ ನೋಡಿ. ಕನಿಷ್ಕನ ನಾಣ್ಯಗಳ ಮೇಲೆ ಕೆದರಿದ ಕೂದಲಿನ ಒಬ್ಬ ಓಡುತ್ತಿರುತ್ತಾನೆ, ಮೇಲುಹೊದಿಕೆಯ ಎರಡು ಅಂಚನ್ನು ಕೈಯಲ್ಲಿ ಹಿಡಿದು, ಅದು ಗಾಳಿಗೆ ಕೊಡೆಯ ಹಾಗೆ ಉಬ್ಬಿರುತ್ತದೆ. ಹೆಸರು ಗ್ರೀಕ್ ಲಿಪಿಯಲ್ಲಿ "ಓಆಡೋ". ಅದು ನಮ್ಮ "ವಾತ" ಪದದ ಅಣ್ಣತಮ್ಮ. ಆ ಉಬ್ಬಿದ ಬಟ್ಟೆ ಮಧ್ಯ ಏಷ್ಯಾದ ಗುಹೆಗಳನ್ನು ದಾಟಿ ಚೀನಾದ ವಾಯವ್ಯ ಅಂಚಿನ ದುನ್‌ಹ್ವಾಂಗ್‌ಗೆ ಬಂತು, ಆರನೇ ಶತಮಾನದ 249ನೇ ಗುಹೆಯ ಚಾವಣಿಯಲ್ಲಿ ಗಾಳಿ ದೇವರು ಹಾಗೇ ಓಡುತ್ತಿದ್ದಾನೆ. ಮುಂದೆ ಜಪಾನ್ ತಲುಪುವ ಹೊತ್ತಿಗೆ ಅದು ಪೂರಾ ಚೀಲ. ನಮ್ಮ ವಾಯುವೂ ಬೌದ್ಧರ ಜೊತೆ ಹೋದ, ಅಲ್ಲಿ ಅವನಿಗೆ ಫೆಂಗ್ ತ್ಯೆನ್ ಅಂತ ಹೆಸರು. ಆದರೆ ದೇವಸ್ಥಾನದ ಸಾಲಿನಲ್ಲಿ ಗೌರವದಿಂದ ನಿಂತ, ಅಷ್ಟೇ. ಜನ ಹರಟೆ ಹೊಡೆಯುವುದು ಚಿಕ್ಕಮ್ಮನ ಬಗ್ಗೆ, ಕುಡುಕನ ಬಗ್ಗೆ.

ಬಿಸಿಬೇಳೆ:

ಒಪ್ಪಿದೆ ಸರ್. ಅರ್ಧ ಗೆದ್ದೆ ಅಂತ ಬರೆದುಕೊಳ್ಳುತ್ತೇನೆ.

ಕಡಲೂರು_ಡಾಕ್ಟರ್:

ಒಂದು ಸಣ್ಣ ಸೇರ್ಪಡೆ. ಚೀನೀ ಭಾಷೆಯಲ್ಲಿ ಪಾರ್ಶ್ವವಾಯುವಿಗೆ ಝೋಂಗ್ ಫೆಂಗ್ ಅನ್ನುತ್ತಾರೆ, "ಗಾಳಿ ತಗುಲಿದ್ದು" ಅಂತ. ಅವರ ಹಳೇ ವೈದ್ಯದಲ್ಲಿ ಗಾಳಿ ನೂರು ರೋಗಗಳ ಮುಖಂಡ. ನಮ್ಮದೂ ವಾಯುವೇ ನೋಡಿ. ನಮ್ಮೂರ ಕಡೆ ಇನ್ನೂ ಒಂದು ಹೆಜ್ಜೆ ಮುಂದೆ, ಗಾಳಿ ಅಂದರೇ ದೆವ್ವ. "ಅವಳಿಗೆ ಗಾಳಿ ಸೋಕಿದೆ" ಅಂದರೆ ಫ್ಯಾನ್ ಆಫ್ ಮಾಡಿ ಅಂತ ಅರ್ಥ ಅಲ್ಲ. ಚೀನಾದ ಹಳ್ಳಿಗಳಲ್ಲೂ ದಾರಿಯಲ್ಲಿ ಸುಳಿಗಾಳಿ ಎದ್ದರೆ ಪ್ರೇತ ಹೋಗುತ್ತಿದೆ ಅಂತ ಉಗುಳುತ್ತಾರಂತೆ. ನಮ್ಮಜ್ಜಿಯೂ ಥೂ ಥೂ ಅಂತ ಸೆರಗು ಮುಚ್ಚಿಕೊಳ್ಳುತ್ತಿದ್ದರು.

ಶಾಲ್ಮಲಾ_ತೀರ:

ಡಾಕ್ಟರ್ ಪ್ರೇತದ ಮಾತು ತೆಗೆದಿದ್ದಕ್ಕೆ ನೆನಪಾಯಿತು, ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಷಿ-ಯೋ ಗಾಳಿ. ಷಿ ಮನೆತನದ ಹೆಣ್ಣು, ಯೋ ಎಂಬ ವ್ಯಾಪಾರಿಯ ಹೆಂಡತಿ. ಇಬ್ಬರಿಗೂ ಬಹಳ ಪ್ರೀತಿ. ಅವನು ದೂರದ ವ್ಯಾಪಾರಕ್ಕೆ ಹೊರಟ, ಇವಳು ಬೇಡ ಅಂದಳು, ಕೇಳಲಿಲ್ಲ. ಹೋದವನು ಬರಲೇ ಇಲ್ಲ. ಕಾದು ಕಾದು ಹಾಸಿಗೆ ಹಿಡಿದಳು. ಸಾಯುವಾಗ ಅಂದಳು, "ಅವತ್ತು ಅವರನ್ನು ತಡೆಯಲಾಗಲಿಲ್ಲವಲ್ಲ, ಅದೊಂದೇ ಕೊರಗು. ಇನ್ನು ಮೇಲೆ ಯಾವ ವ್ಯಾಪಾರಿ ದೂರ ಹೊರಟರೂ ನಾನು ದೊಡ್ಡ ಗಾಳಿಯಾಗಿ ಎದುರು ಬೀಸುತ್ತೇನೆ, ಲೋಕದ ಹೆಂಡಂದಿರ ಪರವಾಗಿ." ಅಲ್ಲಿಂದ ದೋಣಿ ಹೊರಟಾಗ ಎದುರು ಗಾಳಿ ಬಂದರೆ ದೋಣಿಯವರು ಷಿ-ಯೋ ಗಾಳಿ ಅಂತ ಹೇಳಿ ಅವತ್ತು ಹೊರಡುತ್ತಲೇ ಇರಲಿಲ್ಲ.

ಒಬ್ಬ ಅಂಬಿಗ ಮಾತ್ರ ನೂರು ಕಾಸು ಕೊಟ್ಟರೆ ಈ ಗಾಳಿ ತಿರುಗಿಸುತ್ತೇನೆ ಅನ್ನುತ್ತಿದ್ದ. ಕೊಟ್ಟವರಿಗೆ ನಿಜಕ್ಕೂ ಗಾಳಿ ನಿಲ್ಲುತ್ತಿತ್ತು. ಅವನ ಗುಟ್ಟು ಏನು ಅಂದರೆ ಒಂದು ಚೀಟಿಯಲ್ಲಿ ಹದಿನಾಲ್ಕು ಅಕ್ಷರ ಬರೆದು ಯಾರಿಗೂ ಕಾಣದ ಹಾಗೆ ನೀರಿಗೆ ಮುಳುಗಿಸುತ್ತಿದ್ದ. "ಷಿ ಅಮ್ಮನ ಪರವಾಗಿ ಯೋ ಯಜಮಾನರನ್ನು ಮನೆಗೆ ಕರೆಯಲು ಹೊರಟಿದ್ದೇನೆ, ನನ್ನ ದೋಣಿ ಬಿಡು." ಅಷ್ಟೇ. ಅವಳು ಬಿಡುತ್ತಿದ್ದಳು.

ಹಳೇ_ಪೆಟ್ಟಿಗೆ:

ಮೇಡಂ, ಇದರ ಮುಂದೆ ನನ್ನ ಕುಡುಕ ಏನೂ ಅಲ್ಲ. ಪ್ರತಿ ಸಲ ಅದೇ ಸುಳ್ಳು ಹೇಳಿದರೂ ಪ್ರತಿ ಸಲ ನಂಬುತ್ತಾಳಲ್ಲ, ಅದೇ ಸಂಕಟ.

ಮಾಗಡಿ_ರೋಡ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗ ಷಿ-ಯೋ ಗಾಳಿಯನ್ನೇ ಆರಿಸಿಕೊಂಡ. ಅವನ ತಾಯಿಗೆ ಒಂದು ಸಲ ಹೇಳಿ ತೋರಿಸಿದ. ಅವಳು "ಅಂಬಿಗ ಮೋಸಗಾರ, ಅವನಿಗೆ ಶಿಕ್ಷೆ ಏನೂ ಇಲ್ವಾ?" ಅಂದಳು. ಈಗ ಮನೆಯಲ್ಲಿ ಅದೇ ಚರ್ಚೆ. ಮಗನ ವಾದ, ಅವನು ಒಂದು ಸಲವಾದರೂ ನಿಜವಾಗಿ ಯೋ ಯಜಮಾನರನ್ನು ಹುಡುಕಿರಬಹುದು ಅಂತ.

ಇನ್ನೊಂದು ಕಷ್ಟ. ಸ್ಪರ್ಧೆಯಲ್ಲಿ ಬಕೆಟ್ ನೀರು ಇಟ್ಟು ಚೀಟಿ ಮುಳುಗಿಸಿ ತೋರಿಸಬೇಕು, ಹದಿನಾಲ್ಕೇ ಅಕ್ಷರದಲ್ಲಿ ಬರೆಯಬೇಕು ಅಂತ ಕೂತಿದ್ದಾನೆ. ಕನ್ನಡದಲ್ಲಿ ಎಷ್ಟು ಕುಗ್ಗಿಸಿದರೂ ಇಪ್ಪತ್ತರ ಮೇಲೆ ಹೋಗುತ್ತಿದೆ.

ಬಿಸಿಬೇಳೆ:

"ಯಜಮಾನರನ್ನ ಕರೀತೀನಿ, ದಾರಿ ಬಿಡಮ್ಮ." ಎಣಿಸಿ ನೋಡಿ. ನನಗೆ ಹದಿನೈದು ಬಂತು.

ಶಾಲ್ಮಲಾ_ತೀರ:

"ಅಮ್ಮ" ತೆಗೆದು "ಬಿಡು" ಅನ್ನಿ, ಹದಿನಾಲ್ಕಕ್ಕೆ ಬರುತ್ತದೆ. ಆದರೆ ನಾನಾಗಿದ್ದರೆ ಅಮ್ಮ ಅನ್ನದೆ ಇದ್ದರೆ ಬಿಡುತ್ತಿರಲಿಲ್ಲ.